ಬಿಸಿಯಾದರೆ ಒದೆಯುವ ಗೇರ್‌ಬಾಕ್ಸ್

ನಾನು ಗೇರ್‌ಬಾಕ್ಸ್ ಬಿಚ್ಚುವ ಮಿಸ್ತ್ರಿಯಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಒಂದು ಶೆಡ್ಡಿನಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುತ್ತೇನೆ. ಸೆಲ್ಫ್, ಡೈನಮೊ, ಸೆನ್ಸರ್, ಸುಟ್ಟುಹೋದ ಫ್ಯೂಸು, ಇಷ್ಟೇ ನನ್ನ ಲೋಕ. ಈ ಟ್ರಕ್ಕು ನನ್ನ ಬಳಿ ಬಂದದ್ದು ನನ್ನ ಕೈಗುಣಕ್ಕಲ್ಲ, ನೆಂಟಸ್ತಿಕೆಗೆ. ಅದು ನನ್ನ ಸೋದರಮಾವನದು. ಬ್ಯಾಡಗಿಯಲ್ಲಿ ಅವರಿಗೆ ಮೆಣಸಿನಕಾಯಿ ವ್ಯಾಪಾರ. ಎರಡು ಸಾಲು ಸೀಟು, ಹಿಂದೆ ತೆರೆದ ಬಾಡಿ, ಡೀಸೆಲ್ ಎಂಜಿನ್, ಆರು ಗೇರಿನ ಆಟೊಮ್ಯಾಟಿಕ್ ಪಿಕಪ್. ಓಡಿದ್ದು 1,12,000 ಕಿಲೋಮೀಟರ್. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಕಂಪನಿಯ ತಪ್ಪು ಏನೂ ಇಲ್ಲ, ನನ್ನ ತಪ್ಪು ಒಂದಿದೆ.

ಮೊದಲ ದಿನ

ಡಿಸೆಂಬರಿನ ಮೊದಲ ವಾರ. ಮಾಮಾ ಕೀಲಿ ಕೊಡುವ ಮೊದಲು ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಬೇರೊಂದು ಊರಿನ ಗ್ಯಾರೇಜಿನವರು ಬರೆದುಕೊಟ್ಟ ಅಂದಾಜು ಪಟ್ಟಿ ಅದು. ವಾಲ್ವ್ ಬಾಡಿ (ಗೇರ್‌ಬಾಕ್ಸಿನೊಳಗೆ ಎಣ್ಣೆಯನ್ನು ಬೇಕಾದ ಕಡೆಗೆ ಹರಿಸುವ ಭಾಗ) ಹೊಸದು, ಫಿಲ್ಟರ್, ಆಯಿಲ್, ಕೂಲಿ, ಎಲ್ಲ ಸೇರಿ 1,62,000 ರೂಪಾಯಿ.

"ಅಳಿಯಾ, ಇದು ಬ್ಯಾಡಗಿ ಬಿಡುವಾಗ ಕುದುರೆ, ಹಾವೇರಿ ದಾಟಿದ ಮೇಲೆ ಕತ್ತೆ. ಹಿಂಗಾಲಿನಿಂದ ಒದೆಯುತ್ತದೆ. ನೀನು ಒಮ್ಮೆ ನೋಡು. ನೋಡಿ ನೀನೂ ಅದನ್ನೇ ಹೇಳಿದರೆ ದುಡ್ಡು ಹೊಂದಿಸುತ್ತೇನೆ."

"ಮಾಮಾ, ಗೇರ್‌ಬಾಕ್ಸ್ ನನ್ನ ಕೆಲಸವಲ್ಲ."

"ಬಿಚ್ಚು ಎಂದೆನೇ? ನೋಡು ಎಂದೆ."

ಅವರ ದೂರನ್ನು ಅವರ ಮಾತಿನಲ್ಲೇ ಚೀಟಿಯ ಮೇಲೆ ಬರೆದುಕೊಂಡೆ. ಇದು ನನ್ನ ಹಳೆಯ ಅಭ್ಯಾಸ. ಬಿಸಿಯಾದ ಮೇಲೆ ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋಗುವಾಗ ಒದೆತ. ನಿಂತಲ್ಲಿ ರಿವರ್ಸ್ ಹಾಕಿದರೆ 'ಧಡ್' ಎಂಬ ಸದ್ದು. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಹಿಂದಿನಿಂದ ಯಾರೋ ತಳ್ಳಿದಂತೆ ಒಂದು ಸಣ್ಣ ಏಟು. ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದದ್ದು 10ಕ್ಕೆ ಇಳಿದಿದೆ. ಹೆದ್ದಾರಿಯಲ್ಲಿ ಎಂಜಿನ್ ಮೊದಲಿಗಿಂತ ಹೆಚ್ಚು ಕೂಗುತ್ತದೆ. ಕೊನೆಯ ಎರಡು ಮಾತುಗಳನ್ನು ಬರೆದುಕೊಂಡೆನೇ ಹೊರತು ಕಿವಿಗೆ ಹಾಕಿಕೊಳ್ಳಲಿಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂದು ಹೇಳದ ಮಾಲೀಕನನ್ನು ನಾನು ಇನ್ನೂ ಕಂಡಿಲ್ಲ.

ಮಧ್ಯಾಹ್ನ ಗಬ್ಬೂರಿನಿಂದ ಬೈಪಾಸ್ ಹಿಡಿದು ಧಾರವಾಡದ ನರೇಂದ್ರ ಕ್ರಾಸಿನವರೆಗೆ ಹೋಗಿ ಬಂದೆ. ಒಂದು ಬದಿಗೆ ಸುಮಾರು 30 ಕಿಲೋಮೀಟರ್, ಗೇರ್‌ಬಾಕ್ಸ್ ಬಿಸಿಯಾಗಲು ಧಾರಾಳವಾಗಿ ಸಾಕು. ಮೊದಲ ಹತ್ತು ಕಿಲೋಮೀಟರ್ ಬೆಣ್ಣೆಯಂತೆ ನಡೆಯಿತು. ಹದಿನೈದರ ಆಸುಪಾಸಿನಲ್ಲಿ ಎರಡು-ಮೂರರ ನಡುವೆ ಚಿಕ್ಕದೊಂದು ತಟ್ಟು. ಹಿಂದಿರುಗುವಾಗ ಆ ತಟ್ಟು ಒದೆತವಾಗಿತ್ತು. ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಮಾಮಾನ ತಂಬಾಕಿನ ಡಬ್ಬಿ ಪ್ರತಿ ಒದೆತಕ್ಕೂ ಒಂದಿಷ್ಟು ಹಿಂದೆ ಸರಿದು, ಹುಬ್ಬಳ್ಳಿ ಹತ್ತಿರವಾಗುವ ಹೊತ್ತಿಗೆ ನನ್ನ ತೊಡೆಯ ಮೇಲೆ ಬಿತ್ತು.

ಹೀಗೇಕೆ ಆಗುತ್ತದೆ ಎನ್ನುವುದಕ್ಕೆ ಪೆಟ್ಟಿಗೆಯೊಳಗಿನ ಕೆಲಸ ಸ್ವಲ್ಪ ಹೇಳಬೇಕು. ಆಟೊಮ್ಯಾಟಿಕ್ಕಿನಲ್ಲಿ ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತವೆ. ಗೇರು ಬದಲಾಗುವುದೆಂದರೆ ಒಂದು ಕ್ಲಚ್ ಕಟ್ಟು ಬಿಡುವುದು, ಇನ್ನೊಂದು ಹಿಡಿಯುವುದು. ಹಿಡಿಸುವುದು ಎಣ್ಣೆಯ ಒತ್ತಡ. ಎಷ್ಟು ಒತ್ತಡ, ಯಾವ ಕ್ಷಣಕ್ಕೆ ಎನ್ನುವುದನ್ನು ವಾಲ್ವ್ ಬಾಡಿಯಲ್ಲಿರುವ ಸೊಲೆನಾಯ್ಡ್‌ಗಳ, ಅಂದರೆ ವಿದ್ಯುತ್ತಿನಿಂದ ನಡೆಯುವ ಪುಟ್ಟ ವಾಲ್ವ್‌ಗಳ ಮೂಲಕ ಕಂಪ್ಯೂಟರ್ ನಿರ್ಧರಿಸುತ್ತದೆ. ಬಾವಿಕಟ್ಟೆಯಲ್ಲಿ ತುಂಬಿದ ಕೊಡವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಇಸಿದುಕೊಳ್ಳುವಂತೆ ಇದು. ಕೊಡುವವರು ಬೇಗ ಬಿಟ್ಟರೆ ಕೊಡ ಜಾರುತ್ತದೆ, ಗಾಡಿಯಲ್ಲಾದರೆ ಎಂಜಿನ್ ಒಮ್ಮೆಲೇ ಹುಯ್ಯೆನ್ನುತ್ತದೆ. ಇಸಿದುಕೊಳ್ಳುವವರು ಬೇಗ ಎಳೆದರೆ ತೋಳು ಜಗ್ಗುತ್ತದೆ, ಗಾಡಿಯಲ್ಲಾದರೆ ಅದೇ ಒದೆತ. ನಮ್ಮದು ಎರಡನೆಯದು. ಯಾರೋ ಬೇಗ ಎಳೆಯುತ್ತಿದ್ದಾರೆ, ಇಲ್ಲವೇ ಜೋರಾಗಿ ಎಳೆಯುತ್ತಿದ್ದಾರೆ.

ಎರಡನೇ ದಿನ

ಸ್ಕ್ಯಾನರ್ ಹಾಕಿದೆ. ದೋಷ ತೋರಿಸುವ ಒಂದು ಕೋಡೂ ಇಲ್ಲ. ಎಂಜಿನ್ನಿನಲ್ಲೂ ಇಲ್ಲ, ಗೇರ್‌ಬಾಕ್ಸಿನಲ್ಲೂ ಇಲ್ಲ. ಮಾಮಾನಿಗೆ ಅಂದಾಜು ಬರೆದುಕೊಟ್ಟವರೂ ಇದನ್ನೇ ನೋಡಿರಬೇಕು. ಕೋಡು ಇಲ್ಲವೆಂದರೆ ವಿದ್ಯುತ್ತಿನ ದೋಷವಲ್ಲ, ಹಾಗಾದರೆ ವಾಲ್ವ್ ಬಾಡಿ ಎಂಬ ಲೆಕ್ಕ. ತಪ್ಪು ಲೆಕ್ಕ ಎಂದು ಆ ದಿನ ಹೇಳುವ ಧೈರ್ಯ ನನಗೂ ಇರಲಿಲ್ಲ.

ಬ್ಯಾಟರಿ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 14.1. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿಯಲ್ಲಿ ಸೆಲ್ಫ್ ಹೊಡೆಯುವಾಗಿನ ನಷ್ಟ ಕೂಡ ಒಪ್ಪುವಷ್ಟೇ. ಎಂಜಿನ್ ಕುಳಿತಿರುವ ಮೌಂಟಿನ ರಬ್ಬರು ಚೆನ್ನಾಗಿತ್ತು. ಬ್ರೇಕ್ ತುಳಿದು ಡಿ, ರಿವರ್ಸ್ ಹಾಕಿ ನೋಡಿದರೆ ಎಂಜಿನ್ ಅಸಹಜವಾಗಿ ಏಳಲಿಲ್ಲ.

ಪಕ್ಕದ ಶೆಡ್ಡಿನ ಲಾರಿ ಮಿಸ್ತ್ರಿ ಕಾಕಾ ಚಹಾ ಕುಡಿಯುತ್ತಲೇ ಬಂದು ಗಾಡಿಯ ಕೆಳಗೆ ಹೊಕ್ಕರು. ಅವರು ಮೀಟರು ಮುಟ್ಟುವವರಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುವಿದರು. 'ಟಿಕ್' ಎಂದಿತು.

"ಕ್ರಾಸಿನಲ್ಲಿ ಸ್ವಲ್ಪ ಆಟ ಇದೆ. ಅದಕ್ಕಿಂತ ಈ ಸ್ಲಿಪ್ ಜಾಯಿಂಟ್ ನೋಡು, ಗ್ರೀಸು ಕಂಡು ಎಷ್ಟು ವರ್ಷವಾಯಿತೋ."

ಬ್ರೇಕ್ ಹಿಡಿದಾಗ ಹಿಂಭಾಗ ಏಳುತ್ತದೆ, ನಿಂತಾಗ ಮತ್ತೆ ತಗ್ಗುತ್ತದೆ, ಶಾಫ್ಟಿನ ಉದ್ದ ಬದಲಾಗಬೇಕಾಗುತ್ತದೆ, ಸ್ಲಿಪ್ ಜಾಯಿಂಟಿನ ಒಣಗಿದ ಸ್ಪ್ಲೈನು (ಒಂದರೊಳಗೊಂದು ಜಾರುವ ಹಲ್ಲಿನ ಗೆರೆಗಳು) ಸರಾಗ ಜಾರದೆ ಹಿಡಿದು ಹಿಡಿದು ಬಿಡುತ್ತದೆ. ಹಿಂದಿನಿಂದ ತಳ್ಳಿದಂತೆ ಆಗುವುದು ಅದಕ್ಕೆ. ನಿಪ್ಪಲ್ಲಿನ ಬಾಯಿಯ ಎರೆಮಣ್ಣು ಕೆತ್ತಿ, ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸದು ಕಾಣುವವರೆಗೆ ಗನ್ನು ಒತ್ತಿದೆವು. ಸಂಜೆ ಓಡಿಸಿದೆ. ನಿಲ್ಲುವಾಗಿನ ಏಟು ಮಾಯವಾಗಿತ್ತು. ಗೇರು ಏರುವಾಗಿನ ಒದೆತ ಇದ್ದಂತೆಯೇ ಇತ್ತು. ಒಂದೇ ರೋಗ ಎಂದುಕೊಂಡಿದ್ದು ಎರಡಾಗಿತ್ತು, ಒಂದು ಹೋಯಿತು. ಕಾಕಾ ದುಡ್ಡು ತೆಗೆದುಕೊಳ್ಳಲಿಲ್ಲ, ಇನ್ನೊಂದು ಚಹಾ ತೆಗೆದುಕೊಂಡರು.

ಮೂರನೇ ದಿನ

ಇಲ್ಲಿ ನನ್ನ ತಪ್ಪು ಬರುತ್ತದೆ.

ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಪಕ್ಕದಲ್ಲಿ ಎಣ್ಣೆ ತುಂಬುವ ಬೋಲ್ಟು, ತಳದ ತಟ್ಟೆಯಲ್ಲಿ ಮಟ್ಟ ನೋಡುವ ಬೋಲ್ಟು. ಎಂಜಿನ್ ಓಡುತ್ತಿರುವಾಗ, ಎಣ್ಣೆ 40ರಿಂದ 50 ಡಿಗ್ರಿಯ ನಡುವೆ ಇರುವಾಗ, ಗಾಡಿ ಸಮತಟ್ಟಾಗಿ ನಿಂತಿರುವಾಗ ಕೆಳಗಿನ ಬೋಲ್ಟು ಬಿಚ್ಚಬೇಕು. ಸಣ್ಣ ಧಾರೆ ಬಂದು ಹನಿಹನಿಯಾಗಿ ನಿಂತರೆ ಮಟ್ಟ ಸರಿ. ಏನೂ ಬರದಿದ್ದರೆ ಕಡಿಮೆ. ಉಷ್ಣಾಂಶಕ್ಕೆ ಇಷ್ಟು ಮಹತ್ವ ಏಕೆಂದರೆ ಎಣ್ಣೆ ಕಾದಂತೆ ಹಿಗ್ಗುತ್ತದೆ. ಒಂಬತ್ತು ಲೀಟರ್ ಎಣ್ಣೆ 35 ಡಿಗ್ರಿ ಹೆಚ್ಚು ಕಾದರೆ ಕಾಲು ಲೀಟರಿನಷ್ಟು ಹಿಗ್ಗುತ್ತದೆ.

ಎಣ್ಣೆಯ ಬಣ್ಣ ಕಂದಿತ್ತು, ಸುಟ್ಟ ವಾಸನೆ ಇರಲಿಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಣಗಲು ಇಟ್ಟೆ. ಕಪ್ಪು ಚೂರಾಗಲಿ ಲೋಹದ ಹೊಳಪಾಗಲಿ ಕಾಣಲಿಲ್ಲ. ಕ್ಲಚ್ಚುಗಳು ತಿಂದುಹೋಗಿಲ್ಲ ಎಂದು ಧೈರ್ಯ ಬಂತು. ಹೇಗೂ ಹಳೆಯ ಎಣ್ಣೆ, ಬದಲಿಸಿದರೆ ನಷ್ಟವಿಲ್ಲ ಎಂದು ತಳದಿಂದ ನಾಲ್ಕು ಲೀಟರ್ ಇಳಿಸಿ ಅಷ್ಟೇ ಹೊಸದು ತುಂಬಿದೆ. ಉಳಿದದ್ದು ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರಿನಲ್ಲಿ ಇರುತ್ತದೆ, ಹಾಗೆ ಸುಲಭಕ್ಕೆ ಇಳಿಯುವುದಿಲ್ಲ. ಕೈಪಿಡಿ ಹೇಳಿದ ಗುಣಮಟ್ಟದ ಎಣ್ಣೆಯೇ, ಲೀಟರಿಗೆ 900 ರೂಪಾಯಿ.

ಹೊಸ ಎಣ್ಣೆ ಹಳೆಯದರೊಂದಿಗೆ ಬೆರೆಯಲಿ ಎಂದು ನೃಪತುಂಗ ಬೆಟ್ಟ ಹತ್ತಿಸಿ ಇಳಿಸಿ ತಂದೆ. ಶೆಡ್ಡಿಗೆ ಬಂದು ಸ್ಕ್ಯಾನರ್ ನೋಡಿದರೆ ಗೇರ್‌ಬಾಕ್ಸ್ ಎಣ್ಣೆ 46 ಡಿಗ್ರಿ. ಮಟ್ಟ ನೋಡಲು ಹೇಳಿ ಮಾಡಿಸಿದ ಉಷ್ಣಾಂಶ! ಎಂಜಿನ್ ಓಡುತ್ತಿರುವಂತೆಯೇ ಕೆಳಗೆ ಹೊಕ್ಕು ಬೋಲ್ಟು ಸಡಿಲಿಸಿದೆ. ಎಣ್ಣೆ ಸುರಿದು ಮಣಿಕಟ್ಟಿನ ಮೇಲೆ ಹರಿಯಿತು. ಕೈ ಕೊಡವಿಕೊಂಡು ಹೊರಗೆ ಬಂದೆ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಾಗ ಚರ್ಮ ಕೆಂಪೇರಿತ್ತು. ಅಷ್ಟರಲ್ಲಿ ನಮ್ಮ ಹುಡುಗ ಕೂಗಿದ: "ಅಣ್ಣಾ, ಹನಿಗೆ ಬಂತು." ಬೋಲ್ಟು ಬಿಗಿ ಮಾಡು ಎಂದೆ. ಮಾಡಿದ. ಮಟ್ಟ ಸರಿಯಾಯಿತು ಎಂದು ಚೀಟಿಯಲ್ಲಿ ಗುರುತು ಹಾಕಿದೆ.

ಆ ಸಂಜೆ ಓಡಿಸಿ ನೋಡಿದಾಗ ಒದೆತ ತುಸು ಕಡಿಮೆಯಾದಂತೆ ಅನ್ನಿಸಿತು. ನಾಲ್ಕು ಸಾವಿರದ ಹತ್ತಿರ ಖರ್ಚು ಮಾಡಿದವನಿಗೆ ಹಾಗೆ ಅನ್ನಿಸಲೇಬೇಕು. ಮಾಮಾನಿಗೆ ಟ್ರಕ್ಕು ಕೊಟ್ಟು ಕಳಿಸಿದೆ.

ಐದನೇ ದಿನ

ಬೆಳಗಿನ ಏಳಕ್ಕೆ ಮಾಮಾನ ಫೋನು. "ಅಳಿಯಾ, ಮೊದಲು ಬಿಸಿಯಾದಾಗ ಮಾತ್ರ ತೊಂದರೆ ಇತ್ತು. ಈಗ ತಣ್ಣಗಿದ್ದಾಗಲೂ ಇದೆ." ಮನೆಯ ಮುಂದಿನ ಏರಿನಲ್ಲಿ ರಿವರ್ಸ್ ಹಾಕಿದರೆ ಎರಡು ಎಣಿಸುವವರೆಗೆ ಗಾಡಿ ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಹಿಡಿಯುತ್ತದೆ ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ವಾಸಿ ಇತ್ತು.

ತಣ್ಣಗಿದ್ದಾಗ, ಏರಿನಲ್ಲಿ, ಗೇರು ತಡವಾಗಿ ಹಿಡಿಯುವುದು ಎಣ್ಣೆ ಕಡಿಮೆಯಿರುವ ಲಕ್ಷಣ ಎಂದು ನನಗೆ ಗೊತ್ತು. ಆದರೆ ಮಟ್ಟ ನೋಡಿದವನು ನಾನೇ. ಚೀಟಿಯಲ್ಲಿ ಗುರುತು ಇದೆ.

ಆರನೇ ದಿನ

ಬೆಳಿಗ್ಗೆ ಬಚ್ಚಲಲ್ಲಿ ಹಂಡೆಯ ನೀರಿಗೆ ತಣ್ಣೀರು ಬೆರೆಸದೆ ಒಂದು ಚೊಂಬು ಕೈಗೆ ಸುರಿದುಕೊಂಡೆ. ಬಿಸಿ ಜೋರಿತ್ತು, ತಡೆಯುವಷ್ಟಿತ್ತು. ಮಣಿಕಟ್ಟಿನ ಬೊಬ್ಬೆಯ ಮೇಲೆ ಬಿದ್ದಾಗ ಮಾತ್ರ ಚುರ್ರೆಂದಿತು. ಚೊಂಬು ಹಿಡಿದು ಹಾಗೆಯೇ ನಿಂತೆ.

46 ಡಿಗ್ರಿ ಎಂದರೆ ಈ ನೀರು. ಈ ನೀರಿನಿಂದ ಬೊಬ್ಬೆ ಏಳುವುದಿಲ್ಲ.

ಒಂದು ಕ್ಷಣ ಸೋರಿ ಹೋದ ಎಣ್ಣೆಗೆ ಬೊಬ್ಬೆ ಎದ್ದಿದೆ ಎಂದರೆ ಅದು 46 ಅಲ್ಲ, 80ರ ಸುತ್ತಮುತ್ತ ಇದ್ದಿರಬೇಕು. ಮೂರು ದಿನದಿಂದ ಸರಿಯಾದ ಉತ್ತರವನ್ನು ಕೈಗೆ ಕಟ್ಟಿಕೊಂಡು ತಿರುಗುತ್ತಿದ್ದೆ, ನಂಬಿದ್ದು ಮಾತ್ರ ಪರದೆಯ ಮೇಲಿನ ಅಂಕಿಯನ್ನು. ಮೈಗೆ ಸೋಪು ಹಚ್ಚುವುದನ್ನೂ ಮರೆತು ಲೆಕ್ಕ ಹಾಕತೊಡಗಿದೆ. ಕಂಪ್ಯೂಟರಿಗೆ ಎಣ್ಣೆ ತಣ್ಣಗಿದೆ ಎಂದು ಕಾಣುತ್ತಿದ್ದರೆ?

ತಣ್ಣಗಿನ ಎಣ್ಣೆ ದಪ್ಪ. ಕ್ಲಚ್ಚಿನ ಕೋಣೆ ತುಂಬಲು ತಡವಾಗುತ್ತದೆ. ಅದಕ್ಕೆಂದು ಕಂಪ್ಯೂಟರ್ ಹೆಚ್ಚು ಹೊತ್ತು, ಹೆಚ್ಚು ಒತ್ತಡದಲ್ಲಿ ತುಂಬಿಸುತ್ತದೆ. ನಿಜವಾಗಿ ಎಣ್ಣೆ ಕಾದು ನೀರಾಗಿದ್ದರೆ ಅದೇ ಅಪ್ಪಣೆಗೆ ಕ್ಲಚ್ಚು ಗಕ್ಕನೆ ಹಿಡಿಯುತ್ತದೆ. ಬ್ಯಾಡಗಿ ಬಿಡುವಾಗ ಏಕೆ ಕುದುರೆ, ಹಾವೇರಿ ದಾಟಿದ ಮೇಲೆ ಏಕೆ ಕತ್ತೆ ಎಂಬುದು ಇದರಲ್ಲೇ ಇದೆ.

ಇನ್ನೊಂದು. ಎಣ್ಣೆ ಒಂದು ಮಟ್ಟಕ್ಕೆ ಕಾಯುವವರೆಗೆ ಕಂಪ್ಯೂಟರ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚನ್ನು ಹಿಡಿಸುವುದಿಲ್ಲ. ಲಾಕ್‌ಅಪ್ ಇಲ್ಲದಿದ್ದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಸಂಬಂಧ ಮಾತ್ರ, ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ. ಅದೇ ವೇಗಕ್ಕೆ ಎಂಜಿನ್ ಇನ್ನೂರು ಸುತ್ತು ಹೆಚ್ಚು ತಿರುಗುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ, ಆ ಜಾರಿಕೆಯೇ ಎಣ್ಣೆಯನ್ನು ಇನ್ನಷ್ಟು ಕಾಯಿಸುತ್ತದೆ. ಎಂಜಿನ್ ಕೂಗುತ್ತದೆ, ಮೈಲೇಜು ಇಳಿದಿದೆ ಎಂದು ಮಾಮಾ ಮೊದಲ ದಿನವೇ ಹೇಳಿದ್ದರು. ಚೀಟಿಯಲ್ಲಿ ನನ್ನದೇ ಅಕ್ಷರ.

ಮಾಮಾನಿಗೆ ಫೋನು ಮಾಡಿ ಟ್ರಕ್ಕು ತರಲು ಹೇಳಿದೆ. "ಎಲ್ಲಿಯೂ ನಿಲ್ಲಿಸಿ ತಣ್ಣಗೆ ಮಾಡಬೇಡಿ, ನೇರ ಬನ್ನಿ."

ಏಳನೇ ದಿನ

ಮೋಟೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾಂವಿ ದಾಟಿ ನೇರವಾಗಿ ಬಂದರು. ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನನ್ನು ಒಬ್ಬ ಎಸಿ ಮೆಕ್ಯಾನಿಕ್‌ನಿಂದ ಎರವಲು ತಂದಿದ್ದೆ. ಹೊಳೆಯುವ ಲೋಹಕ್ಕೆ ಹಿಡಿದರೆ ಈ ಗನ್ನು ಕಡಿಮೆ ತೋರಿಸುತ್ತದೆ. ಆದ್ದರಿಂದ ಎಣ್ಣೆ ತಟ್ಟೆಯ ತಳವನ್ನು ಒರೆಸಿ ಎರಡು ಬೆರಳಗಲ ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿ, ಅದಕ್ಕೆ ಒಂದು ನಿಮಿಷ ಬಿಟ್ಟು ಗನ್ನು ಹಿಡಿದೆ. 84. ಸ್ಕ್ಯಾನರ್ ಪರದೆಯಲ್ಲಿ 46.

ಹುಡುಗ ಎರಡನ್ನೂ ನೋಡಿ, "ಯಾವುದು ಸುಳ್ಳು ಅಣ್ಣಾ?" ಎಂದ. ಮಣಿಕಟ್ಟು ತೋರಿಸಿದೆ.

ಈಗ ಕೆಲಸ ನನ್ನ ಲೋಕಕ್ಕೆ ಬಂದಿತ್ತು. ಎಣ್ಣೆಯ ಉಷ್ಣಾಂಶ ನೋಡುವ ಸೆನ್ಸರ್ ಒಂದು ಥರ್ಮಿಸ್ಟರ್. ಕಾದಂತೆ ಅದರ ರೋಧ ಇಳಿಯುತ್ತದೆ. ಕೈಪಿಡಿಯ ಪಟ್ಟಿಯ ಪ್ರಕಾರ ಇದಕ್ಕೆ 25 ಡಿಗ್ರಿಯಲ್ಲಿ 2,200 ಓಮ್, 80ರಲ್ಲಿ ಸುಮಾರು 350. ಅದು ಇರುವುದು ಪೆಟ್ಟಿಗೆಯೊಳಗೆ. ಅದೇ ಕೆಟ್ಟಿದ್ದರೆ ತಟ್ಟೆ ಇಳಿಸಬೇಕು.

ಮೊದಲು ಕಂಪ್ಯೂಟರಿನ ಬಳಿಯ ಕಪ್ಲರ್ (ತಂತಿಗಳು ಕೂಡುವ ಪ್ಲಗ್ಗು) ಬಿಚ್ಚಿ ಆ ಕಡೆಯಿಂದ ಅಳೆದೆ: 1,030 ಓಮ್. ಆಮೇಲೆ ಗಾಡಿಯ ಕೆಳಗೆ ಹೊಕ್ಕು ಗೇರ್‌ಬಾಕ್ಸಿನ ಮೈಗಿರುವ ದೊಡ್ಡ ಕಪ್ಲರ್ ಬಿಚ್ಚಿ, ಪೆಟ್ಟಿಗೆಯ ಕಡೆಯ ಪಿನ್ನುಗಳ ಮೇಲೆ ನೇರವಾಗಿ ಅಳೆದೆ: 325. ಸೆನ್ಸರ್ ನಿರಪರಾಧಿ. 700 ಓಮ್ ದಾರಿಯಲ್ಲಿ ಎಲ್ಲೋ ಕುಳಿತಿದೆ. ಎರಡು ತಂತಿಗಳನ್ನೂ ಈ ತುದಿಯಿಂದ ಆ ತುದಿಗೆ ಒಂದೊಂದಾಗಿ ಅಳೆದೆ. ಒಂದರಲ್ಲಿ ಅರ್ಧ ಓಮೂ ಇಲ್ಲ. ಇನ್ನೊಂದರಲ್ಲಿ 700. ಹುಡುಗನಿಗೆ ತಂತಿ ಅಲುಗಿಸಲು ಹೇಳಿದರೆ 640, 760, ಮತ್ತೆ 700.

ಕಪ್ಲರಿನ ಹಿಂಬದಿಯಲ್ಲಿ ಪ್ರತಿ ತಂತಿಗೂ ಒಂದು ಪುಟ್ಟ ರಬ್ಬರ್ ಬಿರಡೆ ಇರುತ್ತದೆ, ನೀರು ಒಳಹೋಗದಂತೆ. ಈ ತಂತಿಯ ಬಿರಡೆ ಅರ್ಧ ಹೊರಗೆ ಜಾರಿ ಓರೆಯಾಗಿತ್ತು. ಪಿನ್ನು ಹೊರಗೆಳೆದೆ. ತಂತಿ ಪಿನ್ನಿಗೆ ಕೂಡುವ ಕುತ್ತಿಗೆಯಲ್ಲಿ, ಹುಣಸೆಹಣ್ಣು ಕಾಣದೆ ವರ್ಷ ಕಳೆದ ತಾಮ್ರದ ಚೊಂಬಿನ ಮೇಲೆ ಇರುವಂಥ ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ತಂತಿಯ ಎಳೆಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿದಿದ್ದವು.

ಚಹಾ ತರಿಸಿಕೊಂಡು ಕಾಗದದ ಮೇಲೆ ಲೆಕ್ಕ ಮಾಡಿದೆ. ಈ ಕೆಲಸದಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟ ಅರ್ಧ ಗಂಟೆ ಅದು. ಬೆಳಗಿನ 20 ಡಿಗ್ರಿಯಲ್ಲಿ ಸೆನ್ಸರಿನ ರೋಧ 2,700ರ ಹತ್ತಿರ. ಅದಕ್ಕೆ 700 ಕೂಡಿಸಿದರೆ 3,400, ಅಂದರೆ ಕಂಪ್ಯೂಟರಿಗೆ 14 ಡಿಗ್ರಿಯಂತೆ ಕಾಣುತ್ತದೆ. ಆರು ಡಿಗ್ರಿಯ ವ್ಯತ್ಯಾಸ, ಯಾರ ಕಣ್ಣಿಗೂ ಬೀಳದು. ಎಣ್ಣೆ 80 ಮುಟ್ಟಿದಾಗ ಸೆನ್ಸರಿನದು ಬರೀ 350. ಅದರ ಮೇಲೆ ಅದೇ 700 ಕೂತರೆ 1,050, ಕಂಪ್ಯೂಟರಿಗೆ 45 ಡಿಗ್ರಿ. 90 ಆದರೂ ಅದಕ್ಕೆ ಕಾಣುವುದು 47. ತಣ್ಣಗಿದ್ದಾಗ ದೊಡ್ಡ ರೋಧದ ನಡುವೆ ಅಡಗಿ ಕೂರುವ ಕಿಲುಬು, ಕಾದಂತೆ ಎಲ್ಲವನ್ನೂ ತಾನೇ ಆಳುತ್ತದೆ.

ಕೋಡು ಏಕೆ ಬರಲಿಲ್ಲ ಎನ್ನುವುದಕ್ಕೂ ಇದೇ ಉತ್ತರ. ತಂತಿ ಪೂರಾ ತುಂಡಾದರೆ ಪಿ0713 ಬರುತ್ತದೆ, ಶಾರ್ಟ್ ಆದರೆ ಪಿ0712. ಓಡುತ್ತಿದ್ದರೂ ಉಷ್ಣಾಂಶ ಕದಲದೆ ನಿಂತರೆ ಅಥವಾ ನಂಬಲಾಗದಂತೆ ಜಿಗಿದರೆ ಪಿ0711. ನಮ್ಮದು 14ರಿಂದ ಶುರುವಾಗಿ ಮೆಲ್ಲಗೆ 46ಕ್ಕೆ ಏರುತ್ತಿತ್ತು. ಸಭ್ಯ ಸುಳ್ಳು. ಇದೇ ಕಿಲುಬು ಪಕ್ಕದ ಸೊಲೆನಾಯ್ಡ್ ತಂತಿಗೆ ಹಿಡಿದಿದ್ದರೆ ಮೊದಲ ದಿನವೇ ಎಚ್ಚರಿಕೆಯ ದೀಪ ಉರಿಯುತ್ತಿತ್ತು, ಅದರಲ್ಲಿ ಹರಿಯುವ ವಿದ್ಯುತ್ತು ಹೆಚ್ಚು; ಸೆನ್ಸರಿನ ತಂತಿಯಲ್ಲಿ ಹರಿಯುವುದು ಮಿಲಿಆಂಪಿಯರ್ ಲೆಕ್ಕದ ವಿದ್ಯುತ್ತು.

ಮಾಮಾ ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. "ಮಾಮಾ, ಈ ಒದೆತ ಯಾವಾಗ ಶುರುವಾಯಿತು, ನೆನಪಿದೆಯೇ?"

"ದಸರೆ ಮುಗಿದು ಒಂದೆರಡು ವಾರ ಆಗಿರಬೇಕು."

"ಖಂಡೇನವಮಿಗೆ ಗಾಡಿ ತೊಳೆಸಿದ್ದಿರಾ?"

ತೊಳೆಸಿದ್ದರು. ಆ ವರ್ಷ ಹಿಂಗಾರಿ ಮಳೆಗೆ ಕುಂದಗೋಳದ ಕಡೆಯ ಹೊಲಗಳಿಗೆ ಬೆಳೆ ನೋಡಲು ಹೋಗಿ ಬಂದಿದ್ದರಂತೆ. ಅಲ್ಲಿಯ ಎರೆಮಣ್ಣು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಹಸಿಯಿದ್ದಾಗ ಅಂಟು, ಒಣಗಿದರೆ ಇಟ್ಟಿಗೆ. ಪೂಜೆಗೆ ಗಾಡಿ ಲಕಲಕ ಹೊಳೆಯಬೇಕು ಎಂದು ವಾಟರ್ ಸರ್ವಿಸಿನವರಿಗೆ ನೂರು ರೂಪಾಯಿ ಹೆಚ್ಚು ಕೊಟ್ಟು, ಲಿಫ್ಟಿಗೆ ಏರಿಸಿ, ಮಾಮಾನೇ ಎದುರು ನಿಂತು "ಅಲ್ಲಿ ಇನ್ನೂ ಮಣ್ಣಿದೆ, ಅಲ್ಲಿ ಹೊಡಿ" ಎಂದು ತೋರಿಸಿದ್ದರಂತೆ. ಅಷ್ಟು ಹತ್ತಿರದಿಂದ ಹೊಡೆದ ನೀರಿನ ಏಟಿಗೆ ಬಿರಡೆ ಸರಿದಿರಬೇಕು. ಮುಂದಿನದನ್ನು ನೀರು ಮತ್ತು ತಾಮ್ರ ಸೇರಿ ಮಾಡಿದವು. ಆಮೇಲೆ ಕುಂಬಳಕಾಯಿ ಒಡೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದೇನೋ ನಿಜ.

ಎಂಟನೇ ದಿನ

ಆ ಪಿನ್ನು ಬಿಡಿಯಾಗಿ ಎಲ್ಲಿಯೂ ಸಿಗಲಿಲ್ಲ. ಗುಜರಿಯಲ್ಲಿ ಅದೇ ಬಗೆಯ ಕಪ್ಲರ್ ಇರುವ ಹಳೆಯ ವೈರಿಂಗ್ ತುಂಡೊಂದನ್ನು 150 ರೂಪಾಯಿಗೆ ತಂದೆ. ಒಳ್ಳೆಯ ಪಿನ್ನನ್ನು ಆರು ಇಂಚು ತಂತಿಯೊಂದಿಗೇ ತೆಗೆದು, ನಮ್ಮ ತಂತಿಯನ್ನು ತಾಮ್ರ ಕೆಂಪಗೆ ಹೊಳೆಯುವ ಜಾಗದವರೆಗೆ ಹಿಂದೆ ಕತ್ತರಿಸಿ, ಕ್ರಿಂಪ್ ಮಾಡಿ, ಕಾಯಿಸಿದರೆ ಕುಗ್ಗಿ ಒಳಗಿನ ಅಂಟಿನಿಂದ ಹಿಡಿದುಕೊಳ್ಳುವ ನಳಿಕೆ ಹಾಕಿ ಮುಚ್ಚಿದೆ. ಉಳಿದ ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಒಣಗಿಸಿ, ಬಿರಡೆಗಳಿಗೆ ತೆಳುವಾಗಿ ಸಿಲಿಕೋನ್ ಗ್ರೀಸು ಸವರಿ ಕೂಡಿಸಿದೆ. ಕಂಪ್ಯೂಟರಿನ ಕಡೆಯಿಂದ ಅಳೆದರೆ ಈಗ ಸೆನ್ಸರಿನ ರೋಧ ಮಾತ್ರ.

ಎಣ್ಣೆಯ ಮಟ್ಟವನ್ನು ಮತ್ತೆ ನೋಡಬೇಕಿತ್ತು. ರಾತ್ರಿಯೆಲ್ಲ ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಗೇರುಗಳನ್ನು ಒಂದೊಂದಾಗಿ ಹಾಕಿ ತೆಗೆದು, ನಿಂತಲ್ಲೇ ಕಾಯಿಸಿದೆ. ಪರದೆಯಲ್ಲಿ 43, ಕಪ್ಪು ಟೇಪಿನ ಮೇಲೆ 41. ಈ ಸಲ ಉದ್ದ ಕೈಗವಸು ಹಾಕಿಕೊಂಡು ಬೋಲ್ಟು ಬಿಚ್ಚಿದೆ. ಒಂದು ಹನಿಯೂ ಬೀಳಲಿಲ್ಲ. ಪಕ್ಕದ ಬೋಲ್ಟಿನಿಂದ ಪಂಪಿನಲ್ಲಿ ಎಣ್ಣೆ ಏರಿಸುತ್ತ ಹೋದೆ. 280 ಮಿಲಿಲೀಟರ್ ಹೋದ ಮೇಲೆ ಹನಿ ಶುರುವಾಯಿತು. 80 ಡಿಗ್ರಿಯ ಹಿಗ್ಗಿದ ಎಣ್ಣೆಯಲ್ಲಿ ಮಟ್ಟ ನೋಡಿ ಅಂದು ಕೆಳಗೆ ಸುರಿಸಿದ್ದು ಇಷ್ಟು. ಮಾಮಾನ ಮನೆಯ ಏರಿನಲ್ಲಿ ರಿವರ್ಸ್ ಕಾಯಿಸುತ್ತಿದ್ದದ್ದು ಗೇರ್‌ಬಾಕ್ಸಿನ ರೋಗವಲ್ಲ, ನನ್ನ ಉಪಚಾರ.

ಇದೆಲ್ಲ ಆದ ಮೇಲೂ ಮೊದಲ ಓಟದಲ್ಲಿ ಒದೆತ ಇತ್ತು! ಎದೆ ಧಸಕ್ಕೆಂದಿತು. ಸ್ವಲ್ಪ ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಕಂಪ್ಯೂಟರ್ ಪ್ರತಿ ಬದಲಾವಣೆಯನ್ನೂ ಗಮನಿಸಿ ತನ್ನ ಒತ್ತಡವನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಎರಡು ತಿಂಗಳು ಸುಳ್ಳು ಉಷ್ಣಾಂಶ ನಂಬಿ ಕಲಿತ ಪಾಠ ಅದರ ನೆನಪಿನಲ್ಲಿ ಇನ್ನೂ ಇತ್ತು. ಸ್ಕ್ಯಾನರಿನಿಂದ ಆ ಕಲಿಕೆಯನ್ನು ಅಳಿಸಿದೆ. ಎಣ್ಣೆ 70 ದಾಟುವವರೆಗೆ ಓಡಿಸಿ, ಬೈಪಾಸಿನಲ್ಲಿ ಕಾಲಿನ ಭಾರವನ್ನು ಒಂದೇ ಸಮ ಇಟ್ಟು ಒಂದರಿಂದ ಆರರವರೆಗೆ ಏರಿಸುವುದು, ಮೆಲ್ಲಗೆ ನಿಲ್ಲಿಸುವುದು, ಮತ್ತೆ ಏರಿಸುವುದು. ಹದಿನೈದು ಸಲ ಮಾಡಿದೆ. ಹಿಂದೆ ಬರುವವರು ಏನೆಂದುಕೊಂಡರೋ. ಎಂಟನೆಯದರ ಹೊತ್ತಿಗೆ ಎರಡು-ಮೂರರ ತಟ್ಟು ಮಸುಕಾಯಿತು. ಹನ್ನೆರಡರ ನಂತರ ಗೇರು ಬದಲಾದದ್ದು ಎಂಜಿನ್ ಸುತ್ತು ತೋರಿಸುವ ಮುಳ್ಳು ಇಳಿದಾಗ ಮಾತ್ರ ಗೊತ್ತಾಗುತ್ತಿತ್ತು.

90ರ ವೇಗದಲ್ಲಿ ಆರನೇ ಗೇರು, ಎಣ್ಣೆ 78 ಡಿಗ್ರಿ. ಕಾಲು ಸ್ವಲ್ಪ ಒತ್ತಿದೆ. ಮುಳ್ಳು ಒಮ್ಮೆಲೇ ಜಿಗಿಯದೆ ವೇಗದ ಜೊತೆಗೇ ನಿಧಾನವಾಗಿ ಏರಿತು. ಲಾಕ್‌ಅಪ್ ಹಿಡಿದಿತ್ತು. ತಂಬಾಕಿನ ಡಬ್ಬಿಯನ್ನು ಬೇಕೆಂದೇ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದೆ. ನರೇಂದ್ರದಿಂದ ಗಬ್ಬೂರಿನವರೆಗೆ ಇಟ್ಟಲ್ಲೇ ಇತ್ತು.

ಖರ್ಚು ಬರೆದಿಡುತ್ತೇನೆ: ಎಣ್ಣೆ ನಾಲ್ಕೂವರೆ ಲೀಟರಿನಷ್ಟು, 4,050 ರೂಪಾಯಿ. ವೈರಿಂಗ್ ತುಂಡು 150. ಕ್ಲೀನರ್, ಗ್ರೀಸು, ನಳಿಕೆ ಸೇರಿ 400. ಎಣ್ಣೆ ಹಳೆಯದಾಗಿತ್ತು ನಿಜ, ಆದರೆ ಒದೆತ ನಿಲ್ಲಿಸಿದ್ದು ಅದಲ್ಲ. ಕೂಲಿ ಎಂದು ಮಾಮಾ ಒಂದು ಚೀಲ ಕಡ್ಡಿ ಮೆಣಸಿನಕಾಯಿ ಇಳಿಸಿ ಹೋದರು. ಅದರ ಘಾಟಿಗೆ ಶೆಡ್ಡಿನಲ್ಲಿ ಎರಡು ದಿನ ಎಲ್ಲರಿಗೂ ಸೀನು.

ಬಾಕಿ ಉಳಿದದ್ದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಯುಗಾದಿಗೆ ಮೊದಲು ಬದಲಿಸೋಣ ಎಂದಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಗಾಡಿ ತೊಳೆಸಿಕೊಂಡು ಬರಬೇಡಿ ಎಂದೂ ಹೇಳಿದ್ದೇನೆ.